ಪಡಸಾಲೆಗೆ ಬಾರದ ತೀರ್ಪು

ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಫೋನು ನೋಡುತ್ತ ನಿಂತ ಹುಡುಗರಲ್ಲಿ ಒಬ್ಬನಾದರೂ, ಪಕ್ಕದವರಿಗೆ ಕಾಣದಂತೆ ಪರದೆಗೆ ಅಂಗೈ ಅಡ್ಡ ಹಿಡಿದು, ತನ್ನನ್ನು ಮೆಚ್ಚುವ ಗಂಡಸೊಬ್ಬ ಸಿಕ್ಕಾನೇ ಎಂದು ಹುಡುಕುತ್ತಿರಬಹುದು. ಸಲಿಂಗ ಪ್ರೀತಿ ರೋಗವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಒಪ್ಪಿತು. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಹೇಳಿತು. ಆದರೂ ಒಂಟಿತನ ಹೋಗಿಲ್ಲ, ಯಾಕೆಂದರೆ ತೀರ್ಪು ಮನೆಯ ಪಡಸಾಲೆಯವರೆಗೆ ಬಂದಿಲ್ಲ. ಅಲ್ಲಿ ನಡೆದಿರುವುದು ಕನ್ಯೆ ನೋಡುವ ಮಾತು. ಗುಟ್ಟು ಕಾಯುವವನಿಗೆ ಯಾರ ಪ್ರೀತಿಯೂ ಪೂರ್ತಿ ದಕ್ಕುವುದಿಲ್ಲ. ಅವ್ವ ಅಕ್ಕರೆ ತೋರುವುದು ತಾನು ನಟಿಸುತ್ತಿರುವ ಮಗನಿಗೆ ಎಂಬ ಅನುಮಾನ ಒಳಗೇ ಕೊರೆಯುತ್ತದೆ. ಆಗ ಅಪರಿಚಿತನೊಬ್ಬನ ಮೆಚ್ಚುಗೆಯೇ ಅವನ ಬೆಲೆಯಾಗಿಬಿಡುತ್ತದೆ; ಆತ ಉತ್ತರಿಸದಿದ್ದರೆ ಬೆಲೆಯೂ ಇಲ್ಲ.

ಇದೆಲ್ಲ ಹೊರದೇಶದ ಗಾಳಿ ಎನ್ನುವವರಿದ್ದಾರೆ. ಹೊರಗಿನವರು ತಂದದ್ದು, ನಿಜ ಹೇಳಬೇಕೆಂದರೆ, ಇಂಥ ಸಂಬಂಧವನ್ನು ಅಪರಾಧವಾಗಿಸಿದ್ದ 1860ರ ದಂಡಸಂಹಿತೆಯ 377ನೇ ಕಲಮು. ಸಂಡೂರಿನ ವಸುಧೇಂದ್ರರು 2013ರಲ್ಲಿ ‘ಮೋಹನಸ್ವಾಮಿ’ ಕಥೆಗಳನ್ನು ತಂದಾಗ ಈ ಸಂಕಟ ಕನ್ನಡದ್ದೇ ಎಂಬುದು ಅಚ್ಚಿನಲ್ಲೂ ಕಂಡಿತು. ಮದುವೆ ಮಾಡಿದರೆ ಸರಿಹೋಗುತ್ತದೆ ಎಂಬುದು ಇನ್ನೊಂದು ವಾದ. ಮುಪ್ಪಿನಲ್ಲಿ ಮಗ ಒಬ್ಬನೇ ಉಳಿದಾನೆಂಬ ಹಿರಿಯರ ಭಯ ಸುಳ್ಳಲ್ಲ. ಆದರೆ ಆ ಭಯಕ್ಕೆ ಏನೂ ಅರಿಯದ ಹೆಣ್ಣುಮಗಳೊಬ್ಬಳು ತನ್ನ ಬಾಳು ತೆರಬೇಕೆ? ದಿಕ್ಕು ತೋಚದ ತಂದೆತಾಯಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಬಹುದು. ಮಗನನ್ನು ಬದಲಿಸಲಿಕ್ಕಲ್ಲ, ತಮ್ಮ ತಳಮಳ ಹೇಳಿಕೊಳ್ಳಲಿಕ್ಕೆ.