ಮೈಯೊಳಗಿನ ಕಾವಲುಗಾರರು
(ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಬೆಳೆ ಕೈಗೆ ಬರುವ ಕಾಲಕ್ಕೆ ನೀವು ಹೊಲಕ್ಕೆ ಬೇಲಿ ಕಟ್ಟುತ್ತೀರಿ. ಬೇಲಿಯೊಂದೇ ಸಾಲದೆಂದು ಅಟ್ಟಣೆಯ ಮೇಲೆ ಕಾವಲೂ ಕೂರುತ್ತೀರಿ. ನಮ್ಮ ದೇಹದಲ್ಲಿಯೂ ಇಂಥದೇ ಏರ್ಪಾಡುಂಟು. ಚರ್ಮವೇ ಬೇಲಿ. ರಕ್ತದಲ್ಲಿ ಸುತ್ತಾಡುವ ಬಿಳಿಯ ಕಣಗಳೇ ಕಾವಲುಗಾರರು. ಒಂದು ತೊಟ್ಟು ರಕ್ತದಲ್ಲಿ ಇವು ಲಕ್ಷಗಟ್ಟಲೆ ಇರುತ್ತವೆ.

ಕಾಲಿಗೆ ಮುಳ್ಳು ಚುಚ್ಚಿತೆನ್ನಿ. ಬೇಲಿ ಮುರಿಯಿತು, ರೋಗಾಣು ಒಳನುಗ್ಗಿತು. ಕೆಲವೇ ಗಂಟೆಗಳಲ್ಲಿ ಕಾವಲಿನ ಮೊದಲ ದಂಡು ಅಲ್ಲಿಗೆ ಧಾವಿಸಿ, ಸಿಕ್ಕ ರೋಗಾಣುಗಳನ್ನು ನುಂಗುತ್ತದೆ. ಆ ಜಾಗ ಕೆಂಪಗಾಗಿ, ಬಿಸಿಯಾಗಿ ಊದುವುದು ಈ ಕಾಳಗದಿಂದಲೇ. ಕೀವು ಎಂಬುದು ಬಹುಮಟ್ಟಿಗೆ ಕಾದಾಡಿ ಸತ್ತ ಬಿಳಿಯ ಕಣಗಳ ರಾಶಿ.

ಎರಡನೆಯ ದಂಡು ನಿಧಾನ. ಆದರೆ ಬಲು ಜಾಣ. ಅದು ವೈರಿಯ ಗುರುತು ಹಿಡಿದು, ಆ ವೈರಿಗೆ ಮಾತ್ರ ತಾಗುವ ಪ್ರತಿಕಾಯಗಳೆಂಬ ಆಯುಧಗಳನ್ನು ಸಿದ್ಧಮಾಡುತ್ತದೆ. ಮೊದಲ ಸಲ ಇದಕ್ಕೆ ಒಂದೆರಡು ವಾರ ಹಿಡಿಯುತ್ತದೆ. ಕಲಿತ ಪಾಠವನ್ನು ಮಾತ್ರ ಬೇಗ ಮರೆಯುವುದಿಲ್ಲ. ಅದೇ ವೈರಿ ಮತ್ತೆ ಬಂದರೆ ಆಯುಧ ಬಹು ಬೇಗ ಸಿದ್ಧ. ಒಮ್ಮೆ ದಡಾರ ಎದ್ದ ಮಗುವಿಗೆ ಮತ್ತೆ ಅದು ಏಳುವುದು ತೀರ ಅಪರೂಪ, ಕಾರಣ ಇದೇ.

ಹಾಗಾದರೆ ಎಲ್ಲ ರೋಗವೂ ಒಮ್ಮೆ ಬಂದೇ ಹೋಗಲಿ ಎನ್ನಬಹುದೆ? ಧನುರ್ವಾಯುವನ್ನು ನೋಡಿ. ಇದರ ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲಿ ಬೀಜದಂತೆ ವರ್ಷಗಟ್ಟಲೆ ಅಡಗಿರುತ್ತದೆ. ಗಾಳಿಯಾಡದ ಆಳದ ಗಾಯ ಸಿಕ್ಕರೆ ಮೊಳೆತು ವಿಷ ಕಾರುತ್ತದೆ. ದವಡೆ ಕಚ್ಚಿಕೊಳ್ಳುತ್ತದೆ, ಮೈ ಬಿಲ್ಲಿನಂತೆ ಸೆಟೆಯುತ್ತದೆ. ಪ್ರಾಣ ತೆಗೆಯಲು ಸಾಕಾಗುವಷ್ಟು ವಿಷವೂ ಕಾವಲುಗಾರರಿಗೆ ಪಾಠ ಕಲಿಸಲು ಸಾಲದು. ಅದು ಅಷ್ಟು ಉಗ್ರ. ಆದ್ದರಿಂದ ಬದುಕಿ ಉಳಿದವನಿಗೂ ಇದು ಮತ್ತೆ ಬರಬಹುದು. ಮಣ್ಣಿನಿಂದ ಬರುವ ರೋಗವಾದ್ದರಿಂದ ನೆರೆಯವನು ಚುಚ್ಚುಮದ್ದು ಹಾಕಿಸಿಕೊಂಡರೆ ನಿಮಗೆ ರಕ್ಷಣೆಯಾಗದು.

1890ರಲ್ಲಿ ಬರ್ಲಿನ್ನಿನಲ್ಲಿ ಎಮಿಲ್ ಬೇರಿಂಗ್ ಮತ್ತು ಜಪಾನಿನ ಕಿಟಸಾಟೊ ಎಂಬ ವಿಜ್ಞಾನಿಗಳು, ಈ ವಿಷಕ್ಕೆ ಪಳಗಿಸಿದ ಪ್ರಾಣಿಯ ರಕ್ತರಸಕ್ಕೆ ವಿಷವನ್ನು ಮುರಿಯುವ ಶಕ್ತಿ ಇರುವುದನ್ನು ತೋರಿಸಿದರು. ಇಂದಿನ ಚುಚ್ಚುಮದ್ದಿನಲ್ಲಿರುವುದು ಹಲ್ಲು ಕಿತ್ತ ಹಾವಿನಂತೆ ನಿರಪಾಯ ಮಾಡಿದ ವಿಷ. ಅದರಿಂದ ಕಾವಲುಗಾರರು ರೋಗವಿಲ್ಲದೆಯೇ ಪಾಠ ಕಲಿಯುತ್ತಾರೆ.

ಮಗುವಿಗೆ 6, 10, 14ನೆಯ ವಾರಗಳಲ್ಲಿ, 16ರಿಂದ 24 ತಿಂಗಳೊಳಗೆ, 5-6 ವರ್ಷಕ್ಕೆ, ಮತ್ತೆ 10 ಹಾಗೂ 16ನೆಯ ವರ್ಷಗಳಲ್ಲಿ ತಪ್ಪದೆ ಚುಚ್ಚುಮದ್ದು ಹಾಕಿಸಿ. ಗರ್ಭಿಣಿಯರು ಹಾಕಿಸಿಕೊಂಡರೆ ತಾಯಿಯ ಪ್ರತಿಕಾಯಗಳು ಕೂಸಿಗೂ ಇಳಿಯುತ್ತವೆ. ದೊಡ್ಡವರಲ್ಲಿ ಪಾಠ ಕ್ರಮೇಣ ಮಸುಕಾಗುತ್ತದೆ. 10 ವರ್ಷಕ್ಕೊಮ್ಮೆ ನೆನಪಿಸಬೇಕು.

ಕುಡುಗೋಲೋ ನೇಗಿಲೋ ತಗುಲಿದರೆ ಸಗಣಿ, ಬೂದಿ, ಮಣ್ಣು ಮೆತ್ತಬೇಡಿ. ಕೂಸಿನ ಹೊಕ್ಕುಳಿಗೂ ಏನನ್ನೂ ಹಚ್ಚಬೇಡಿ. ಗಾಯವನ್ನು ಸೋಪು ಹಾಕಿ, ಧಾರಾಳವಾಗಿ ನೀರು ಬಿಟ್ಟು ತೊಳೆಯಿರಿ. ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ, ಹಿಂದಿನ ಚುಚ್ಚುಮದ್ದು ಯಾವಾಗ ಆಯಿತೆಂದು ತಿಳಿಸಿ. ಎಂದೂ ಹಾಕಿಸಿಕೊಳ್ಳದವರ ಕಾವಲುಗಾರರು ಕಲಿಯುವಷ್ಟರಲ್ಲಿ ಹೊತ್ತು ಮೀರಬಹುದು. ಅಂಥವರಿಗೆ ವೈದ್ಯರು ಸಿದ್ಧ ಪ್ರತಿಕಾಯಗಳನ್ನೇ ಕೊಡಬೇಕಾದೀತು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗಬಾರದು. ಗಾಯವಾಗುವ ಮೊದಲೇ, ಈ ಸುಗ್ಗಿಗೆ ಮುಂಚೆಯೇ, ಮನೆಮಂದಿಯ ಚುಚ್ಚುಮದ್ದಿನ ಲೆಕ್ಕ ನೋಡಿಕೊಳ್ಳಿ.