ದ್ರಾಕ್ಷಿಯ ದರ ಯಾರ ಕೈಯಲ್ಲಿ?

(ಶಿವಾಜಿನಗರದಲ್ಲಿ ಸಂಘದ ಸದಸ್ಯರ ಮುಂದೆ ಮಾಡಿದ ಭಾಷಣ)



ವೈನಿನ ಮಾತು ಎಂದ ಕೂಡಲೆ ನಗಬೇಡಿರಿ. ಕುಡಿಯಿರೆಂದು ಹೇಳಲು ನಾನು ನಿಂತಿಲ್ಲ. ಅದರ ಹಿಂದೆ ದುಡಿಯುವವರ ಸಂಗತಿ ಹೇಳಬೇಕಾಗಿದೆ.

ನಮ್ಮ ಪುಣೆ ಜಿಲ್ಲೆಯ ನಾರಾಯಣಗಾಂವದಲ್ಲಿ 1980ರ ದಶಕದಲ್ಲಿ ವೈನಿನ ಕಾರಖಾನೆ ಎದ್ದಿತು. ಮುಂದೆ ಮಹಾರಾಷ್ಟ್ರ ಸರಕಾರ 2001ರಲ್ಲಿ, ಕರ್ನಾಟಕ ಸರಕಾರ 2007ರಲ್ಲಿ ಈ ಉದ್ಯಮಕ್ಕೆಂದೇ ಧೋರಣೆ ತಂದವು. ಫ್ರಾನ್ಸಿನಲ್ಲಿ ಚಳಿಗಾಲ ಬಂದರೆ ದ್ರಾಕ್ಷಿಬಳ್ಳಿ ನಿದ್ದೆ ಹೋಗುತ್ತದೆ. ಇಲ್ಲಿ ಅದಕ್ಕೆ ನಿದ್ದೆಯಿಲ್ಲ. ಏಪ್ರಿಲಿನಲ್ಲಿ ಒಮ್ಮೆ, ಅಕ್ಟೋಬರಿನ ಸುಮಾರಿಗೆ ಇನ್ನೊಮ್ಮೆ ಚಾಟ್ನಿ ಮಾಡಬೇಕು. ಕೆಲಸ ಎರಡು ಸಲ, ಫಸಲು ಒಂದೇ ಸಲ.

ಕೊಯ್ದ ಹಣ್ಣು ಕಾಯುವುದಿಲ್ಲ. ಹಣ್ಣು ಕಾಯದಿದ್ದರೆ ರೈತನೂ ಕಾಯಲಾರ. ಕೊಳ್ಳುವವನು ಹೇಳಿದ್ದೇ ದರ.

ದಕ್ಷಿಣ ಫ್ರಾನ್ಸಿನ ಸಮುದ್ರದಂಡೆಗೆ ಲಾಂಗ್‌ದೋಕ್ ಎಂಬ ಪ್ರಾಂತವಿದೆ. ಬಿಸಿಲು ಧಾರಾಳ, ದ್ರಾಕ್ಷಿಯೂ ಧಾರಾಳ. ಆದರೆ 1900ರ ನಂತರ ಅಲ್ಲಿ ವೈನಿನ ದರ ಬಿದ್ದುಹೋಯಿತು. ಮಾಲು ಹೆಚ್ಚಾಗಿತ್ತು, ಮೇಲೆ ಸಕ್ಕರೆ ನೀರು ಬೆರೆಸಿ ಮಾರುವವರೂ ಇದ್ದರು. ಮರೋಸಾಂ ಹಳ್ಳಿಯ ಸಣ್ಣ ರೈತರು 1901ರಲ್ಲಿ ಸಹಕಾರಿ ಸಂಘ ಕಟ್ಟಿದರು. ಪ್ಯಾರಿಸ್ಸಿನ ಕಾರ್ಮಿಕರ ಸಹಕಾರಿ ಅಂಗಡಿಗಳಿಗೆ ನೇರವಾಗಿ ವೈನು ಮಾರಿದರು. ನಡುವಿನ ದಲಾಲಿ ತಪ್ಪಿತು. 1904ರಲ್ಲಿ ಆ ಪ್ರಾಂತದ ತೋಟದ ಕೂಲಿಗಳೂ ಮುಷ್ಕರ ಹೂಡಿದರು.

1907ರಲ್ಲಿ ಇಡೀ ಪ್ರಾಂತವೇ ಎದ್ದಿತು. ಮುಂದಾಳು ಮಾರ್ಸೆಲಿನ್ ಆಲ್ಬೇರ್ ದ್ರಾಕ್ಷಿ ಬೆಳೆಯುತ್ತ, ಹಳ್ಳಿಯಲ್ಲಿ ಪಾನಗೃಹ ನಡೆಸುತ್ತಿದ್ದವನು. ನಮ್ಮ ಕಸುಬಿಗೆ ಹತ್ತಿರದವನೇ ಅನ್ನಿರಿ. ಜೂನ್ 9ರಂದು ಮಾಂಪೆಲಿಯೆ ನಗರದಲ್ಲಿ ಐದು ಲಕ್ಷಕ್ಕೂ ಮಿಕ್ಕಿ ಜನ ಕೂಡಿದರೆಂದು ಅಂದಾಜು. ಆಮೇಲೆ ನಾರ್ಬೋನ್ ಊರಿನಲ್ಲಿ ಸೈನ್ಯ ಗುಂಡು ಹಾರಿಸಿತು, ಜನ ಸತ್ತರು. ಜೂನ್ 29ರಂದು ಕಲಬೆರಕೆ ತಡೆಯುವ ಕಾನೂನು ಬಂತು. ಅದು ಬಿಟ್ಟಿಯಾಗಿ ಬಂದ ಕಾನೂನಲ್ಲ.

ನಮ್ಮ ಕಡೆ ನೋಡಿರಿ. ವಿಜಯಪುರದ ರೈತ ದ್ರಾಕ್ಷಿಯನ್ನು ಒಣಗಿಸಿ ಮಣೂಕ ಮಾಡುತ್ತಾನೆ, ಸಾಂಗಲಿ ಜಿಲ್ಲೆಯ ತಾಸಗಾಂವ ಪೇಟೆಗೂ ಒಯ್ಯುತ್ತಾನೆ. ಒಣಗಿದ ಹಣ್ಣು ಕಾಯುತ್ತದೆ, ನಿಜ. ಆದರೆ ಅದನ್ನಿಡುವ ಶೀತಗೃಹ ಇನ್ನೊಬ್ಬನದಾದರೆ ಕಾಯುವುದಕ್ಕೂ ಬಾಡಿಗೆ ತೆರಬೇಕು. ಮಾಲು ಇಡುವ ಮನೆ ಯಾರದೋ, ದರವೂ ಅವರದೇ.

ನಿಮ್ಮಲ್ಲಿ ಆ ಕಡೆಯವರು ಸೂಟಿಗೆ ಊರಿಗೆ ಹೋದಾಗ ಅಣ್ಣತಮ್ಮಂದಿರನ್ನು ಎರಡು ಮಾತು ಕೇಳಿರಿ. ಮಾಲನ್ನು ಒಬ್ಬೊಬ್ಬರೇ ಮಾರುತ್ತೀರೋ, ಕೂಡಿ ಮಾರುತ್ತೀರೋ? ಚಾಟ್ನಿಗೆ ಬರುವ ಕೂಲಿಯವಳಿಗೆ ಏನು ಕೊಡುತ್ತೀರಿ? ಮೊದಲನೆಯದನ್ನು ಕೇಳಿ ಎರಡನೆಯದನ್ನು ಬಿಟ್ಟರೆ ಅದು ಅರ್ಧ ನ್ಯಾಯ.