ಹೊಲಸು ಯಾರದು, ಹೊಣೆ ಯಾರದು?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)

ಊರಿನ ಹೊಲಸು ಕೇರಿಯ ತಲೆಗೆ ಬರೋದು ನಮಗೆ ಹೊಸದಲ್ಲ. ದೇಶ ದೇಶಗಳ ನಡುವೆಯೂ ಇದೇ ನಡೀತದೆ. ಅಲ್ಲಿ ಅದರ ಹೆಸರು ವ್ಯಾಪಾರ. ಆ ಹೊಲಸು ಜನರನ್ನು ಕೊಂದಾಗ ಹೊಣೆ ಯಾರದು? ಆಫ್ರಿಕಾದ ಐವರಿ ಕೋಸ್ಟ್ ದೇಶದಲ್ಲಿ 2006ರಲ್ಲಿ ನಡೆದದ್ದನ್ನು ನೋಡೋಣ.

ಪ್ರೋಬೊ ಕೋಲಾ ಅಂತ ಒಂದು ಹಡಗು. ಒಡೆತನ ಗ್ರೀಸಿನದು, ಬಾವುಟ ಪನಾಮಾದ್ದು, ಬಾಡಿಗೆಗೆ ಹಿಡಿದದ್ದು ಟ್ರಾಫಿಗುರಾ ಎಂಬ ತೈಲ ವ್ಯಾಪಾರದ ಕಂಪನಿ. ಕೀಳು ದರ್ಜೆಯ ತೈಲವನ್ನು ಹಡಗಿನಲ್ಲೇ ಕಾಸ್ಟಿಕ್ ಸೋಡಾ ಹಾಕಿ ತೊಳೆದರು. ಉಳಿದದ್ದು ವಿಷದ ಬಗ್ಗಡ. ಅದನ್ನು ಶುದ್ಧ ಮಾಡಲು ಆಮ್‌ಸ್ಟರ್‌ಡ್ಯಾಮಿನಲ್ಲಿ ಕೇಳಿದ ದರ ದುಬಾರಿಯಾಯ್ತು. ಹಡಗು ಆಫ್ರಿಕಾಕ್ಕೆ ಹೋಯ್ತು. ಆಗಸ್ಟ್ ತಿಂಗಳಲ್ಲಿ ಅಬಿಜಾನ್ ನಗರದ ಒಂದು ಸಣ್ಣ ಕಂಪನಿಗೆ ಅಗ್ಗದ ದರಕ್ಕೆ ಒಪ್ಪಿಸಿದರು. ಅದು ಲಾರಿಗಳಲ್ಲಿ ಒಯ್ದು ನಗರದ ಸುತ್ತಮುತ್ತ ಸುರಿಯಿತು. ಒಂದು ಲಕ್ಷಕ್ಕೂ ಹೆಚ್ಚು ಜನ ಆಸ್ಪತ್ರೆಗೆ ಓಡಿದರು. ಕನಿಷ್ಠ 15 ಜನ ಸತ್ತರೆಂದು ಅಲ್ಲಿನ ಅಧಿಕಾರಿಗಳೇ ಹೇಳಿದರು.

ಸುರಿದದ್ದು ಸ್ಥಳೀಯ ಕಂಪನಿ, ತಪ್ಪು ತನ್ನದಲ್ಲ ಎಂಬುದೇ ಟ್ರಾಫಿಗುರಾದ ವಾದ. 2007ರಲ್ಲಿ ಅದು ಸುಮಾರು 20 ಕೋಟಿ ಡಾಲರ್ ಕೊಟ್ಟಿತು. ಸರ್ಕಾರ ಮೊಕದ್ದಮೆ ಹೂಡುವ ಹಕ್ಕನ್ನೇ ಬಿಟ್ಟುಕೊಟ್ಟಿತು. 2008ರಲ್ಲಿ ಸ್ಥಳೀಯ ಕಂಪನಿಯ ಮುಖ್ಯಸ್ಥನಿಗೆ 20 ವರ್ಷ ಜೈಲು. 2009ರಲ್ಲಿ ಲಂಡನ್ನಿನಲ್ಲಿ ಸುಮಾರು 30,000 ಜನರಿಗೆ 3 ಕೋಟಿ ಪೌಂಡಿನ ರಾಜಿ. ಅಲ್ಲೂ ಕಂಪನಿ ಹೊಣೆ ಒಪ್ಪಲಿಲ್ಲ. 2010ರಲ್ಲಿ ಡಚ್ ಕೋರ್ಟು 10 ಲಕ್ಷ ಯೂರೋ ದಂಡ ಹಾಕಿತು. ಅದು ಕಸವನ್ನು ಅಕ್ರಮವಾಗಿ ಸಾಗಿಸಿದ್ದಕ್ಕೆ, ಅದರ ಅಪಾಯ ಮುಚ್ಚಿಟ್ಟದ್ದಕ್ಕೆ. ಸಾವಿನ ಲೆಕ್ಕ ಅದರಲ್ಲಿಲ್ಲ.

ಹಾಗಾದರೆ ಕಾನೂನು ಇಲ್ಲವೆ? ಇದೆ. 1989ರ ಬಾಸೆಲ್ ಒಪ್ಪಂದಕ್ಕೆ ಭಾರತವೂ 1992ರಲ್ಲಿ ಸೇರಿತು. ಕಸ ಕಳಿಸುವ ಮೊದಲು ಲಿಖಿತವಾಗಿ ತಿಳಿಸಬೇಕು, ಆ ದೇಶ ಒಪ್ಪಬೇಕು. ನಷ್ಟ ಯಾರು ತುಂಬಿಕೊಡಬೇಕೆಂದು ಹೇಳುವ ಪೂರಕ ಒಪ್ಪಂದ 1999ರಲ್ಲೇ ತಯಾರಾಯ್ತು. ಸಾಕಷ್ಟು ದೇಶಗಳು ಸೇರದೆ ಅದು ಇನ್ನೂ ಜಾರಿಗೆ ಬಂದಿಲ್ಲ. ಅದರಲ್ಲೂ ಒಂದು ಕಿಂಡಿ ಇದೆ: ಕಸ ವಿಲೇವಾರಿ ಮಾಡುವವನ ಕೈಸೇರಿದ ಮೇಲೆ ಮುಖ್ಯ ಹೊಣೆ ಅವನದೇ.

ಈ ನ್ಯಾಯ ನಮಗೆ ಗೊತ್ತಿರುವಂಥದ್ದೇ. ಮ್ಯಾನ್‌ಹೋಲಿನಲ್ಲಿ ನಮ್ಮವರು ಸತ್ತಾಗಲೂ ಎಲ್ಲರೂ ಗುತ್ತಿಗೆದಾರನ ಕಡೆ ಬೆರಳು ತೋರಿಸ್ತಾರೆ. ಕೆಲಸ ಕೊಟ್ಟವರು ಮನೆಗೆ ಹೋಗ್ತಾರೆ.

ನಾವು ಹೇಳೋದು ಇಷ್ಟೆ: ಹೊಲಸು ಮಾಡಿ ಲಾಭ ಉಂಡವನು ಅದು ನಿರ್ವಿಷವಾಗುವ ತನಕ ಹೊಣೆಗಾರ. ಕಾನೂನು ಓದುವ ಗೆಳೆಯರೇ, ಸುರಿದವನ ಹೆಸರು ಸಿಕ್ಕಿತೆಂದು ಸುಮ್ಮನಾಗಬೇಡಿ. ಕಳಿಸಿದವನ ಹೆಸರನ್ನೂ ಕೇಳಿ.

ಜೈ ಭೀಮ್.